ಭಾನುವಾರದ ಸಾರಿಗೆ ಉಪ್ಪು ನೋಡುವ ಬಗ್ಗೆ

ಇಂದ:
ಜ್ಞಾನಮ್ಮ, ಕೋಂ ಲೇಟ್ ರಾಯಪ್ಪ, ವಯಸ್ಸು ಸುಮಾರು ನಲವತ್ತಾರು, ಕಸುಬು ಅಡಿಗೆ,
ಕನ್ಯಾಸ್ತ್ರೀಯರ ಹೆಣ್ಣುಮಕ್ಕಳ ಬೋರ್ಡಿಂಗು, ಮಾರ್ತಾಪುರ,
ಹೊಳೆನರಸೀಪುರ ತಾಲ್ಲೂಕು, ಹಾಸನ ಜಿಲ್ಲೆ.

ಗೆ:
ಸಂತ ಮಾರ್ತಮ್ಮನವರು
(ಯೇಸುಸ್ವಾಮಿಯವರು ಮನೆಗೆ ಬಂದಾಗ ಒಲೆಯ ಮುಂದೆ ಇದ್ದವರು),
ಖಾಯಂ ವಿಳಾಸ: ಸ್ವರ್ಗ. ಹಾಲಿ ಮೊಕ್ಕಾಂ: ಮಾರ್ತಾಪುರದ ದೇವಾಲಯ, ಬಲಗಡೆಯ ಗೂಡು.

ಮುಖಾಂತರ:
ಉಪದೇಶಿ ಇನ್ನಾಸಪ್ಪನವರು, ಮಂಗಳವಾರ ಸಂಜೆಯ ಪ್ರಾರ್ಥನೆಯಲ್ಲಿ ತಮ್ಮ ಗೂಡಿನ ಮುಂದಿನ ಪೆಟ್ಟಿಗೆಗೆ ಬಿದ್ದ ಬಿನ್ನಹಗಳನ್ನು ಸಭೆಗೆ ಓದಿ ಹೇಳುವವರು.

ವಿಷಯ: ಅರ್ಜಿದಾರಳು ಹನ್ನೊಂದು ವರ್ಷಗಳಿಂದ, ಬೆರಳೆಣಿಕೆಯಷ್ಟು ಸಲ ಬಿಟ್ಟರೆ, ಭಾನುವಾರದ ಪೂಜೆಯಲ್ಲಿ ಸತ್ಪ್ರಸಾದ ಸ್ವೀಕರಿಸದೆ ಕುಳಿತಲ್ಲೇ ಕುಳಿತಿರುವುದಕ್ಕೆ ಕಾರಣ ಪಾಪವಲ್ಲ, ಸಾರಿನ ಉಪ್ಪು ಎಂಬುದನ್ನು ಸಭೆಗೆ ತಿಳಿಯಪಡಿಸಿ, ಆಕೆಯ ಮಗಳ ಮದುವೆಯನ್ನು ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
1. ಬೋರ್ಡಿಂಗಿನ ಮದರ್ ಅವರು 1951ರಲ್ಲಿ ಕೊಟ್ಟ ಬಾಯಿಮಾತಿನ ಹುಕುಂ.
2. ಗುರುಗಳಾದ ಫಾದರ್ ಅಂತಪ್ಪನವರು 1955ರ ನವೆಂಬರಿನಲ್ಲಿ ಕೊಟ್ಟ, ಮೇಲಿನದಕ್ಕೆ ತದ್ವಿರುದ್ಧವಾದ, ಅದೂ ಬಾಯಿಮಾತಿನ ಹುಕುಂ.
3. ಊರಿನ ಮಾತು. ಇದಕ್ಕೆ ತಾರೀಖಿಲ್ಲ, ಸಹಿಯಿಲ್ಲ.

ಮಹಾತಾಯಿಯವರೇ,

ಮೇಲ್ಕಂಡ ಅರ್ಜಿದಾರಳ ಪರವಾಗಿ ಈ ಅರ್ಜಿಯನ್ನು ಬರೆಯುತ್ತಿರುವವನು ಪರಮಶಿವಯ್ಯ, ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಮೂವತ್ತು ವರ್ಷದಿಂದ ಅರ್ಜಿ ಬರೆದು ಬದುಕಿದವನು. ಖಾತೆ, ಪಹಣಿ, ಕಾಲುವೆ ನೀರು, ದಾಯಾದಿ ಜಗಳ ಇವಿಷ್ಟೇ ಅವನಿಗೆ ಗೊತ್ತಿದ್ದದ್ದು. ಸಂತರಿಗೆ ಬರೆಯುತ್ತಿರುವುದು ಇದೇ ಮೊದಲು. ಅವನು ತಮ್ಮ ಮತದವನಲ್ಲವಾದ ಕಾರಣ, ಗೊತ್ತಿಲ್ಲದ್ದನ್ನು ಅರ್ಜಿದಾರಳಿಂದ ಕೇಳಿ ತಿಳಿದು ಬಿಡಿಸಿ ಬರೆದಿದ್ದಾನೆ. ಮಾರ್ತಾಪುರದಲ್ಲೇ ಅಕ್ಷರ ಬಲ್ಲವರು ಬೇಕಾದಷ್ಟಿರುವಾಗ ಒಂಬತ್ತು ಮೈಲಿ ನಡೆದು ಇವನ ಹತ್ತಿರ ಯಾಕೆ ಬರಬೇಕಿತ್ತೆಂದರೆ, ಅಲ್ಲಿ ಅಕ್ಷರ ಬಲ್ಲವರೆಲ್ಲ ಈ ಪ್ರಕರಣದಲ್ಲಿ ಒಂದಲ್ಲ ಒಂದು ಕಡೆ ಸೇರಿದವರೇ ಆಗಿದ್ದಾರೆ. ಅರ್ಜಿದಾರಳ ವಿಜ್ಞಾಪನೆ ಏನೆಂದರೆ:

1. ಅರ್ಜಿದಾರಳು 1945ನೇ ಇಸವಿಯಲ್ಲಿ ಗಂಡನನ್ನು ಕಳೆದುಕೊಂಡು, ಎಂಟು ವರ್ಷದ ಮಗಳು ಲೂರ್ದಮ್ಮನನ್ನು ಕಂಕುಳಿಗೆ ಕಟ್ಟಿಕೊಂಡಂತೆ ಬೋರ್ಡಿಂಗಿನ ಅಡಿಗೆಮನೆಗೆ ಸೇರಿದಳು. ಅಂದಿನಿಂದ ಇಂದಿನವರೆಗೆ ಅರವತ್ತೆರಡು ಹೆಣ್ಣುಮಕ್ಕಳಿಗೆ ಮೂರು ಹೊತ್ತೂ ಬೇಯಿಸಿ ಹಾಕುತ್ತಿದ್ದಾಳೆ. ಈ ಮಕ್ಕಳು ಐದನೇ ಕ್ಲಾಸಿನಿಂದ ಮೇಲ್ಪಟ್ಟವರು, ಅರಕಲಗೂಡು, ಹಾಸನ, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿಂದ ಬಂದವರು. ಮಗಳು ಅಲ್ಲೇ ಮೂಲೆಯಲ್ಲಿ ಬೆಳೆದು, ಮಿಡ್ಲ್ ಸ್ಕೂಲ್ ಪಾಸು ಮಾಡಿ, ಹೊಲಿಗೆ ಕಲಿತು, ಹತ್ತೊಂಬತ್ತು ತುಂಬಿ ಮದುವೆಗೆ ನಿಂತಿದ್ದಾಳೆ.

2. ಭಾನುವಾರದ ವಿಚಾರ ಬೇರೆ ದಿನಗಳಂತಲ್ಲ. ಅಂದು ಎಂಟೂವರೆಗೆ ದೊಡ್ಡ ಪೂಜೆ. ಸುತ್ತಲ ಹಳ್ಳಿಗಳಿಂದ ಕ್ರೈಸ್ತರು ಐದಾರು ಮೈಲಿ ನಡೆದು, ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಗುರುಗಳ ಪ್ರಸಂಗ ಮುಕ್ಕಾಲು ಗಂಟೆ. ಹಬ್ಬದ ದಿನವಾದರೆ ಒಂದು ಗಂಟೆ ಮೇಲೆ. ಪೂಜೆ ಮುಗಿಯುವ ಹೊತ್ತಿಗೆ ಸಭೆಯಲ್ಲಿ ಭಕ್ತಿಗಿಂತ ಹಸಿವೇ ಹೆಚ್ಚಾಗಿರುತ್ತದೆಂದು ಅರ್ಜಿದಾರಳ ಅಂದಾಜು. ಆದ್ದರಿಂದ ಬೋರ್ಡಿಂಗಿನ ಮಕ್ಕಳಿಗಲ್ಲದೆ ದೂರದವರಿಗೂ ಅಂದು ಮುದ್ದೆ ಸಾರು ಇಕ್ಕುವ ಪದ್ಧತಿ ಇದೆ. ಹಾಗಾಗಿ ಅರ್ಜಿದಾರಳು ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿ, ಎಂಟಕ್ಕೆ ಸಾರು ಇಳಿಸಿ, ಸೀರೆ ಬದಲಾಯಿಸಿ, ಒಗ್ಗರಣೆಯ ವಾಸನೆಯ ಸಮೇತ ದೇವಾಲಯದ ಕೊನೆಯ ಸಾಲಿನಲ್ಲಿ ಬಂದು ಕೂರುತ್ತಾಳೆ.

3. ಪೂಜೆಯಲ್ಲಿ ಗುರುಗಳು ನಾಲಿಗೆಯ ಮೇಲಿಡುವ ಸತ್ಪ್ರಸಾದವನ್ನು ಸ್ವೀಕರಿಸುವವರು ಹಿಂದಿನ ರಾತ್ರಿ ಹನ್ನೆರಡರಿಂದ ಏನನ್ನೂ ತಿನ್ನಕೂಡದೆಂಬುದು ಸಭೆಯ ಕಟ್ಟಳೆ. ನೀರು ಮಾತ್ರ ಕುಡಿಯಬಹುದೆಂದು ಮೂರು ವರ್ಷದ ಕೆಳಗೆ ರೋಮಿನಿಂದ ಆದೇಶ ಬಂದಿದೆಯಂತೆ. ಸಾರಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಸದರಿ ಆದೇಶ ಸಾರಿಗೂ ಅನ್ವಯಿಸುತ್ತದೆಂದು ಬರೆಯೋಣವೇ ಎಂದು ಈ ಬರಹಗಾರ ಕೇಳಿದ್ದಕ್ಕೆ ಅರ್ಜಿದಾರಳು ಒಪ್ಪಲಿಲ್ಲ. “ದೇವ್ರ ಮುಂದೆ ವಕೀಲಿ ಬ್ಯಾಡಿ ಸಾ,” ಎಂದಳು. ಅವಳು ಹೇಳಿದ್ದರಿಂದ ಆ ವಾದವನ್ನು ಕೈಬಿಡಲಾಗಿದೆ.

4. ಆದರೆ ಉಪ್ಪು ನೋಡದೆ ನೂರು ಜನರ ಸಾರು ಇಳಿಸುವುದು ಹೇಗೆ? ಉಪ್ಪು ನೋಡಿದರೆ ಉಪವಾಸ ಮುರಿಯಿತು. ಉಪವಾಸ ಮುರಿದ ಮೇಲೆ ಎಲ್ಲರ ಜೊತೆ ಎದ್ದು ಹೋಗಿ, ಪೀಠದ ಮುಂದಿನ ಕಟಕಟೆಯಲ್ಲಿ ಮಂಡಿಯೂರಿ ಬಾಯಿ ತೆರೆದರೆ ಅದು ಮಹಾಪಾಪ. ಕಾರಣ, ಅರ್ಜಿದಾರಳು ಎದ್ದು ಹೋಗುವುದಿಲ್ಲ. ರಜೆಯಲ್ಲಿ ತವರಿಗೆ ಹೋದಾಗ ಅಲ್ಲಿಯ ದೇವಾಲಯದಲ್ಲಿ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಿ ಪ್ರಸಾದ ಸ್ವೀಕರಿಸುತ್ತಾಳೆ. ಅದಕ್ಕೆ ಅಲ್ಲಿಯ ಗುರುಗಳ ಚೀಟಿ ಲಗತ್ತಿಸಿದೆ. ಮಾರ್ತಾಪುರದವರ ಕಣ್ಣಿಗೆ ಮಾತ್ರ ಅವಳು ಹನ್ನೊಂದು ವರ್ಷದಿಂದ ಅಲ್ಲಾಡದೆ ಕುಳಿತಿರುವ ಹೆಂಗಸು.

ಈ ಕಷ್ಟವನ್ನು ಅವಳು ತಾನಾಗಿ ಫಾದರ್ ಅಂತಪ್ಪನವರಲ್ಲಿ ಹೇಳಿಕೊಂಡಿದ್ದುಂಟು. ನಾಲಿಗೆಗೆ ಸೋಕಿಸಿ ಉಗುಳಿಬಿಡು, ಉಗುಳಿದರೆ ದೋಷವಿಲ್ಲ ಎಂದು ಅವರು ಅಪ್ಪಣೆ ಕೊಡಿಸಿದರು. ಎರಡು ಭಾನುವಾರ ಹಾಗೂ ಮಾಡಿದ್ದಾಯಿತು. ಅದರ ಬಗ್ಗೆ ಅರ್ಜಿದಾರಳ ಹೇಳಿಕೆ ಹೀಗಿದೆ: “ಅರವತ್ತು ಮಕ್ಳು ಉಣ್ಣೋ ಪಾತ್ರೆ ಮುಂದೆ ನಿಂತ್ಕಂಡು ತೂ ಅಂತ ಉಗೀಲಾ ಸಾ? ಅಲ್ದೆ ಉಪ್ಪದೆ ಇಲ್ಲ ಅಂತ ನಾಲ್ಗೆ ಯೋಳ್ತದೆ. ಅದ (ಹದ) ಬಂದದಾ ಇಲ್ವಾ ಅಂತ ಯೋಳೋದು ಗಂಟ್ಲು. ನುಂಗ್ದೆ ಗೊತ್ತಾಗಾಕಿಲ್ಲ.” ಇದು ಮೂವತ್ತು ವರ್ಷ ಸೌಟು ಹಿಡಿದವಳ ಮಾತು.

5. ಹಾಗಾದರೆ ಉಪ್ಪು ನೋಡದೆ ಅಂದಾಜಿನ ಮೇಲೆ ಹಾಕಬಾರದೇಕೆ ಎಂದು ತಾವು ಕೇಳಬಹುದು. ಹಾಕಿಯೂ ಆಗಿದೆ. 1951ರಲ್ಲಿ ಮೈಸೂರಿನ ಕಡೆಯಿಂದ ಒಬ್ಬ ಹಿರಿಯ ಗುರುಗಳು ಬೋರ್ಡಿಂಗನ್ನು ನೋಡಲು ಬಂದಿದ್ದರು. ಅಂಥ ದೊಡ್ಡವರ ಕೈಯಿಂದ ಒಮ್ಮೆ ಪ್ರಸಾದ ಸ್ವೀಕರಿಸೋಣವೆಂಬ ಆಸೆಯಿಂದ ಅರ್ಜಿದಾರಳು ಅಂದು ನಾಲಿಗೆಗೆ ಏನನ್ನೂ ಸೋಕಿಸದೆ ಕೈ ಅಂದಾಜಿನಲ್ಲಿ ಉಪ್ಪು ಹಾಕಿದಳು. ಹಾಕಿದ ಸ್ವಲ್ಪ ಹೊತ್ತಿಗೆ, ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂತು. ನೋಡುವಂತಿಲ್ಲ. ಇನ್ನೊಂದು ಹಿಡಿ ಹಾಕಿದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಗೆ ಅಂದು ಪೂಜ್ಯರೇ ಸಾಕ್ಷಿಯಾದರು, ಒಂದು ಹೂಜಿ ಪೂರಾ ಮುಗಿಸಿದರು. ಏಳುವಾಗ, “ನಿಮ್ಮಲ್ಲಿ ತಪಸ್ಸುಕಾಲ ಸ್ವಲ್ಪ ಬೇಗನೆ ಶುರುವಾಗುತ್ತದೆಯೇ ಮದರ್?” ಎಂದು ಕೇಳಿದರಂತೆ. (ತಪಸ್ಸುಕಾಲವೆಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸದ ಕಾಲವಂತೆ.) ಅಂದು ಸಂಜೆಯೇ ಮದರ್ ಅವರು ಅರ್ಜಿದಾರಳನ್ನು ಕರೆಸಿ, “ಇನ್ನು ಮೇಲೆ ರುಚಿ ನೋಡದೆ ಪಾತ್ರೆ ಇಳಿಸಕೂಡದು, ತಿಳಿಯಿತೇ?” ಎಂದು ಹುಕುಂ ಮಾಡಿದರು. ಉಲ್ಲೇಖ ಒಂದು ಇದೇ.

6. ತರುವಾಯ ಅರ್ಜಿದಾರಳು ತನ್ನ ಬದಲಿಗೆ ಉಪ್ಪು ನೋಡುವವರನ್ನು ಹುಡುಕಿದಳು. ಬೋರ್ಡಿಂಗಿನ ಮಕ್ಕಳೆಲ್ಲ, ಮಗಳು ಲೂರ್ದಮ್ಮನೂ ಸೇರಿ, ಪ್ರಸಾದ ಸ್ವೀಕರಿಸುವವರು. ಸಿಸ್ಟರುಗಳ ಮಾತಂತೂ ಬೇಡ. ಪಾತ್ರೆ ತೊಳೆಯಲು ಬರುವ ಮಾದಮ್ಮ ಪಕ್ಕದ ಹಳ್ಳಿಯವಳು, ತಮ್ಮ ಮತಕ್ಕೆ ಸೇರಿದವಳಲ್ಲ. ಅವಳನ್ನು ಕೇಳಿದ್ದಕ್ಕೆ, “ತೊಳಿ ಅಂದ್ರೆ ಎಷ್ಟ್ ಪಾತ್ರೆ ಬೇಕಾದ್ರೂ ತೊಳ್ದಾಕ್ತೀನಿ ಕಣಕ್ಕಾ. ಬಾಯ್ಗೆ ಇಕ್ಕಂಡೆ ಅಂತ ಗೊತ್ತಾದ್ರೆ ನಮ್ಮಟ್ಟೀಲಿ ಕುಲದಿಂದ ಆಚೆಗಾಕ್ತಾರೆ,” ಎಂದು ಕೈ ಮುಗಿದಳು. ಭಾನುವಾರ ಬೆಳಿಗ್ಗೆ ಸಾಮಾನು ತಂದು ಹಾಕುವ ಅಂಗಡಿಯ ಶಾಂತರಾಜಯ್ಯನವರು ಜೈನರು, ಬಹಳ ಮರ್ಯಾದಸ್ಥರು. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಾಗ ಪಾಪ, ನಕ್ಕುಬಿಟ್ಟರು. “ಉಪ್ಪು ಮಾರ್ತೀನಿ ಕಣಮ್ಮ, ಅದನ್ನ ನೋಡೋಕೆ ಮಾತ್ರ ನನ್ನ ಕೈಲಾಗಲ್ಲ,” ಎಂದು ಹೇಳಿ ಹೋದರು. ಹೀಗೆ ಇಡೀ ಊರಿನಲ್ಲಿ ಒಂದು ಸೌಟು ಸಾರು ಕುಡಿಯಲು ಎಲ್ಲ ದೇವರಿಂದಲೂ ಅಪ್ಪಣೆ ಇರುವ ಒಂದು ಬಾಯಿ ಸಿಕ್ಕಲಿಲ್ಲ.

7. ಕಡೆಗೆ ಒಬ್ಬರು ಸಿಕ್ಕಿದರು. ಬೋರ್ಡಿಂಗಿನ ಎದುರು ಮನೆಯಲ್ಲಿರುವ ನರ್ಸಮ್ಮ ಕರುಣಮ್ಮನವರು. ಇವರು ಪ್ರಾಟೆಸ್ಟೆಂಟ್ ಸಭೆಯವರು. ಯೇಸುಸ್ವಾಮಿಯವರೇ ಇವರಿಗೂ ದೇವರು, ಆದರೆ ಮಧ್ಯರಾತ್ರಿಯಿಂದ ಉಪವಾಸವಿರುವ ಕಟ್ಟಳೆ ಇವರಿಗಿಲ್ಲವಂತೆ. ಸದರಿ ಕರುಣಮ್ಮನವರು ಕಳೆದ ನವೆಂಬರಿನಲ್ಲಿ ಮೂರು ಭಾನುವಾರ ಹಿತ್ತಿಲ ಬಾಗಿಲಿಂದ ಬಂದು, ಅಂಗೈಯಲ್ಲಿ ಸಾರು ಹಾಕಿಸಿಕೊಂಡು ನೋಡಿ, “ಇನ್ನೊಂಚೂರು ಹಾಕು ಜ್ಞಾನಮ್ಮ... ಹ್ಞಾ, ಸಾಕು,” ಎಂದು ಹೇಳಿ ಹೋದರು. ಆ ಮೂರೂ ಭಾನುವಾರ ಸಾರು ಚೆನ್ನಾಗಿತ್ತು. ಆ ಮೂರೂ ಭಾನುವಾರ ಅರ್ಜಿದಾರಳು ಎಲ್ಲರ ಹಾಗೆ ಎದ್ದು, ಕಟಕಟೆಯವರೆಗೆ ನಡೆದು, ಮಂಡಿಯೂರಿ, ಪ್ರಸಾದ ಸ್ವೀಕರಿಸಿ ಬಂದು ಕುಳಿತಳು. ಇದನ್ನು ಹೇಳುವಾಗ ಅರ್ಜಿದಾರಳು ಹೊಂಗೆಮರದ ಕೆಳಗೆ ಅತ್ತಳು.

8. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತೆ, ಮೂರನೇ ಭಾನುವಾರ ಸದರಿ ನರ್ಸಮ್ಮನವರು ಹಿತ್ತಿಲ ಬಾಗಿಲಿಂದ ಬಾಯೊರಸಿಕೊಳ್ಳುತ್ತ ಹೊರಗೆ ಬರುವುದನ್ನು ಶ್ರೀಮತಿ ಇಸಬೆಲಮ್ಮನವರು ನೋಡಿದರು. ಇವರು ಮಾತೆಯರ ಸಭೆಯ ಅಧ್ಯಕ್ಷರು. ಈ ಅರ್ಜಿಯನ್ನು ಈಗ ಓದುತ್ತಿರುವ ಉಪದೇಶಿ ಇನ್ನಾಸಪ್ಪನವರ ಧರ್ಮಪತ್ನಿ. (ಉಪದೇಶಿಗಳು ಇಲ್ಲಿ ಒಂದು ಗುಟುಕು ನೀರು ಕುಡಿಯಬಹುದು. ನೀರಿಗೆ ರೋಮಿನ ಅಪ್ಪಣೆ ಇದೆ.)

ಇಸಬೆಲಮ್ಮನವರು ಅಂದೇ ಗುರುಗಳ ಬಂಗಲೆಗೆ ಹೋಗಿ, ಬೇರೆ ಸಭೆಯವರ ಎಂಜಲು ನಮ್ಮ ಮಕ್ಕಳ ಸಾರಿಗೆ ಬೀಳುತ್ತಿದೆಯೆಂದು ದೂರಿದರು. ಎಂಜಲಾಗಿರಲಿಲ್ಲ, ಸೌಟಿನಿಂದ ಅಂಗೈಗೆ ಹಾಕಿದ್ದು. ಸದರಿ ಕರುಣಮ್ಮನವರ ಕೈಯಲ್ಲೇ ಊರಿನ ಮಕ್ಕಳೆಲ್ಲ ಭೂಮಿಗೆ ಬಂದಿರುವುದು, ಇಸಬೆಲಮ್ಮನವರ ಮೂವರನ್ನೂ ಸೇರಿಸಿ. ಹೆರಿಗೆಗೆ ಆಗುವ ಕೈ ಸಾರಿಗೆ ಆಗುವುದಿಲ್ಲವೆಂಬುದು ಯಾವ ಕಾನೂನೋ ಈ ಬರಹಗಾರನಿಗೆ ತಿಳಿಯದು. ಫಾದರ್ ಅಂತಪ್ಪನವರು ಒಳ್ಳೆಯವರೇ, ಆದರೆ ಜಗಳಕ್ಕೆ ಹೆದರುವವರು. “ಕರುಣಮ್ಮ ಒಳ್ಳೇ ಹೆಂಗಸು ಜ್ಞಾನಮ್ಮ, ನನಗೆ ಗೊತ್ತು. ಆದರೂ ಅವರ ಸಭೆ ಬೇರೆ. ಮಾತು ಬೆಳೆಯೋ ಮುಂಚೆ ನಿಲ್ಲಿಸಿಬಿಡು,” ಎಂದರು. ಉಲ್ಲೇಖ ಎರಡು ಇದೇ. ಮದರ್ ಅವರದು ರುಚಿ ನೋಡದೆ ಇಳಿಸಕೂಡದೆಂಬ ಹುಕುಂ. ಗುರುಗಳದು ನೋಡಿಸಕೂಡದೆಂಬ ಹುಕುಂ. ಎರಡನ್ನೂ ಪಾಲಿಸುವ ದಾರಿ ಒಂದೇ ಉಳಿಯಿತು. ನಾಲ್ಕನೇ ಭಾನುವಾರ ಅರ್ಜಿದಾರಳು ತಾನೇ ಉಪ್ಪು ನೋಡಿ, ಮೊದಲಿನಂತೆ ಕೊನೆಯ ಸಾಲಿನಲ್ಲಿ ಕುಳಿತಳು.

9. ಮಾತು ಬೆಳೆಯುವ ಮುಂಚೆ ನಿಲ್ಲಿಸಲು ಹೋಗಿ ಮಾತು ಬೆಳೆದದ್ದು ಇಲ್ಲಿಂದ. ಹನ್ನೊಂದು ವರ್ಷ ಸುಮ್ಮನೆ ಕೂತಿದ್ದವಳು ಮೂರು ವಾರ ಎದ್ದು ಹೋಗಿ, ನಾಲ್ಕನೇ ವಾರ ಮತ್ತೆ ಕೂತಳೆಂದರೆ ನಡುವೆ ಏನೋ ನಡೆದಿರಲೇಬೇಕಷ್ಟೆ. ಇದರ ವಿಚಾರಣೆಯನ್ನು ಊರು ವಾರಪೂರ್ತಿ, ದೇವಾಲಯದ ಕಾರ್ಯಕ್ರಮಕ್ಕೆ ಅಡ್ಡಿಯಾಗದಂತೆ ನಡೆಸಿಕೊಂಡು ಬಂದಿದೆ. ಸೋಮವಾರ ತೀರಿಹೋದವರಿಗಾಗಿ ಪೂಜೆ, ಅದಾದ ಮೇಲೆ ಸಮಾಧಿ ಕಲ್ಲುಗಳ ಮೇಲೆ ಕೂತು ಬದುಕಿರುವವರ ವಿಚಾರ. ಬುಧವಾರ ಮಾತೆಯರ ಸಭೆ, ಪೀಠದ ಬಟ್ಟೆಗೆ ಕಸೂತಿ. ಕೈ ಕಸೂತಿಯಲ್ಲಿದ್ದರೂ ಬಾಯಿ ಖಾಲಿ ಇರುತ್ತದಲ್ಲ! ಅಲ್ಲಿ ಒಬ್ಬರು, “ಅದ್ಯಾವ್ ಪಾಪ ಮಾಡವ್ಳೋ ಕಣಕ್ಕಾ, ಸ್ವಾಮ್ಗೋಳು ಬಿಡುಗಡೇನೇ ಕೊಟ್ಟಿಲ್ವಂತೆ,” ಎಂದರೆ, ಇನ್ನೊಬ್ಬರು ಬೋರ್ಡಿಂಗಿನ ಉಗ್ರಾಣದ ಅಕ್ಕಿಯ ಕಥೆ ಕಟ್ಟಿದರು. ಮತ್ತೊಬ್ಬರು, ಗಂಡ ಸತ್ತ ಹೆಂಗಸು ಎಂದಷ್ಟೇ ಹೇಳಿ ದಾರ ಕಚ್ಚಿ ಕತ್ತರಿಸಿದರಂತೆ. ಗುರುವಾರ ಹಾಡಿನ ಅಭ್ಯಾಸಕ್ಕೆ ಬಂದವರ ಮೂಲಕ ಇದು ಗಂಡಸರಿಗೆ ತಲುಪಿತು. ಶುಕ್ರವಾರ ಯಾರೂ ಮಾಂಸ ತಿನ್ನಕೂಡದು. ನೆರೆಯವರನ್ನು ತಿನ್ನಬಾರದೆಂದು ಆ ಕಟ್ಟಳೆಯಲ್ಲಿ ಸ್ಪ‌ಷ್ಟವಾಗಿ ನಮೂದಾಗಿಲ್ಲ. ಶನಿವಾರ ಸಂಜೆ ಎಲ್ಲರೂ ಸಾಲಾಗಿ ನಿಂತು ಚಾಡಿ ಹೇಳಿದ ಪಾಪವನ್ನು ಗುರುಗಳ ಕಿವಿಯಲ್ಲಿ ಒಪ್ಪಿಸಿ, ಭಾನುವಾರ ಶುದ್ಧರಾಗಿ ಪ್ರಸಾದ ಸ್ವೀಕರಿಸಿ, ಹಿಂದಿರುಗುವಾಗ ಕೊನೆಯ ಸಾಲಿನತ್ತ ನೋಡಿಕೊಂಡು ಬರುತ್ತಾರೆ. ಸೋಮವಾರದಿಂದ ಪುನಃ ಯಥಾಪ್ರಕಾರ.

ಊರ ಬಾಯಿಗೆ ಕೈ ಅಡ್ಡ ಹಿಡಿಯಲಾಗದೆಂದು ಅರ್ಜಿದಾರಳು ಇದನ್ನೆಲ್ಲ ಸಹಿಸಿದಳು. ತನ್ನ ಮೇಲಿನ ಮಾತಿಗೆ ಅವಳು ಅರ್ಜಿ ಹಾಕುವವಳಲ್ಲ.

10. ಆದರೆ ಈಗ ಮಗಳ ತಲೆಯ ಮೇಲೆ ಬಂದಿದೆ. ಲೂರ್ದಮ್ಮನಿಗೆ ಶಾಂತಿಗ್ರಾಮದ ಪ್ರೈಮರಿ ಶಾಲೆಯ ಮೇಷ್ಟ್ರು ಅರುಳಪ್ಪನವರೊಂದಿಗೆ ಮದುವೆ ಗೊತ್ತಾಗಿದೆ. ತಮ್ಮ ಮತದಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗುರುಗಳು ಪೀಠದಿಂದ ವಧೂವರರ ಹೆಸರು ಕೂಗಿ, ಅಡ್ಡಿ ಗೊತ್ತಿದ್ದವರು ತಿಳಿಸಬೇಕೆಂದು ಹೇಳುವ ಪದ್ಧತಿ ಇದೆ. ಈ ತಿಂಗಳ 22ರಂದು ಒಂದು ಸಲ, ನಿನ್ನೆ 29ರಂದು ಇನ್ನೊಂದು ಸಲ ಕೂಗಿಯಾಗಿದೆ. ಮೂರನೆಯದು ಬರುವ ಭಾನುವಾರ. ಫೆಬ್ರವರಿ 13 ಸೋಮವಾರ ಮದುವೆ. ಅದು ತಪ್ಪಿದರೆ ಬುಧವಾರದಿಂದ ತಪಸ್ಸುಕಾಲ, ಈಸ್ಟರ್ ಹಬ್ಬದವರೆಗೆ ಮದುವೆ ಇಲ್ಲ. ಅಷ್ಟರೊಳಗೆ ಮೇಷ್ಟರಿಗೆ ಬೇರೆ ಹೆಣ್ಣು ಸಿಕ್ಕುವುದು ಕಷ್ಟವಲ್ಲ.

ಮೇಷ್ಟರ ತಾಯಿ, ಬಾಗೂರಿನ ಆರೋಗ್ಯಮ್ಮನವರು, ಮೊನ್ನೆ ಶನಿವಾರ ಬಂದು ಮಾರ್ತಾಪುರದಲ್ಲಿ ಇಳಿದುಕೊಂಡಿದ್ದಾರೆ. ಇಳಿದುಕೊಂಡಿರುವುದು ದೂರದ ಸಂಬಂಧಿಯಾದ ಇಸಬೆಲಮ್ಮನವರ ಮನೆಯಲ್ಲೇ. ಆದ್ದರಿಂದ ಶನಿವಾರ ಸಂಜೆಯೊಳಗೆ ಅವರಿಗೆ ಎಲ್ಲ ವಿಷಯವೂ, ಉಗ್ರಾಣದ ಅಕ್ಕಿ ಸಮೇತ, ತಿಳಿದುಬಂತು. ಅವರು ಲೂರ್ದಮ್ಮನನ್ನು ಕರೆದು ಹೇಳಿದರಂತೆ: “ನೋಡವ್ವಾ, ನಿನ್ ಮ್ಯಾಲೆ ನಂಗೇನೂ ಇಲ್ಲ. ನಾಳೆ ಪೂಜೇಲಿ ನಿಮ್ಮವ್ವ ಎದ್ದೋಗಿ ಪ್ರಸಾದ ತಗಳ್ಳಿ, ನಾನು ಕಣ್ಣಾರೆ ನೋಡ್ತೀನಿ. ಇಲ್ಲಾಂದ್ರೆ ಮೂರ್ನೇ ಸಲ ಕೂಗೋದು ಬ್ಯಾಡ ಅಂತ ಸ್ವಾಮ್ಗೋಳ್ಗೆ ನಾನೇ ಯೋಳ್ತೀನಿ.”

ಅರ್ಜಿದಾರಳು ನಿನ್ನೆ ಬೆಳಿಗ್ಗೆ ಉಪ್ಪು ನೋಡಬಾರದೆಂದು ಗಟ್ಟಿ ಮನಸ್ಸು ಮಾಡಿಯೇ ಒಲೆ ಹಚ್ಚಿದಳು. ಅಂದು ಹಿದುಕಿದ ಅವರೆಕಾಳಿನ ಸಾರು. ಕಾಳು ಹೊಸ ಕಡೆಯಿಂದ ತರಿಸಿದ್ದು, ಸೊನೆ ಜಾಸ್ತಿ, ಉಪ್ಪು ಎಷ್ಟು ಹಿಡಿಯುತ್ತದೋ ಗೊತ್ತಿಲ್ಲ. ಸೌಟು ಹಿಡಿದು ಬಹಳ ಹೊತ್ತು ನಿಂತಳು. ಪಕ್ಕದಲ್ಲಿ ಮಗಳು ನಿಂತಿದ್ದಳು. ಮುಂದಿನದು ಅರ್ಜಿದಾರಳ ಹೇಳಿಕೆ: “ಆ ಮಕ್ಳು ವಾರಕ್ಕೊಂದು ದಿನ ಬಾಯ್ತುಂಬ ಉಣ್ಣೋದು ಸಾ. ಅವತ್ತು ಸಾರು ಕೆಟ್ರೆ ತಟ್ಟೇಲಿ ಬುಟ್ಟು ಏಳ್ತವೆ, ಒಂದೂ ಬಾಯ್ಬುಟ್ಟು ಯೋಳಾಕಿಲ್ಲ. ಅದ್ನ ನೋಡಕ್ಕಾಗಲ್ಲ ನಂಗೆ.” ಅವಳು ಉಪ್ಪು ನೋಡಿದಳು. ಕಡಿಮೆಯಾಗಿತ್ತು, ಹಾಕಿದಳು.

ಆಗ ಮಗಳು ಅತ್ತುಕೊಂಡು, “ಆದ್ರೂ ಓಗಿ ತಗಂಬುಡವ್ವಾ. ಒಂದೇ ಒಂದ್ಸಲ. ನೀನು ಉಪ್ಪು ನೋಡಿದ್ದು ಯಾರ್ಗೆ ಗೊತ್ತಾಯ್ತದೆ?” ಎಂದು ಕೇಳಿದಳು. “ನಂಗೆ ಗೊತ್ತಾಯ್ತದಲ್ಲ ಮಗ,” ಎಂದಳು ಅರ್ಜಿದಾರಳು. ಪೂಜೆಯಲ್ಲಿ ಎಲ್ಲರೂ ಎದ್ದು ಹೋದರು, ಅವಳು ಕುಳಿತಿದ್ದಳು. ಎರಡನೇ ಸಾಲಿನಿಂದ ಆರೋಗ್ಯಮ್ಮನವರು ತಿರುಗಿ ನೋಡಿದರು.

ಇಲ್ಲಿ ಬರಹಗಾರನ ಸ್ವಂತ ಷರಾ ಒಂದಿದೆ. ಆ ಕಟ್ಟಳೆಗೆ ಮಾರ್ತಾಪುರದಲ್ಲಿ ಇವಳಷ್ಟು ಹೆದರುವವರು ಇನ್ನೊಬ್ಬರಿಲ್ಲ. ಅದಕ್ಕೇ ಇವಳೊಬ್ಬಳು ಪಾಪಿ ಎನಿಸಿಕೊಂಡಿದ್ದಾಳೆ. ಸುಳ್ಳಿಗೆ ಮನಸ್ಸು ಮಾಡಿದ್ದರೆ ಹನ್ನೊಂದು ವರ್ಷದ ಕೆಳಗೇ ಇವಳ ಮರ್ಯಾದೆ ಉಳಿಯುತ್ತಿತ್ತು. ಇದನ್ನು ಬರೆಯುವಾಗ ಅವನಿಗೆ ಸಿಟ್ಟು ಬಂದಿದ್ದು, ಆ ಕಾರಣ ಇಲ್ಲಿ ಅಕ್ಷರ ಸ್ವಲ್ಪ ದಪ್ಪವಾಗಿದೆ.

11. ಗುರುಗಳೇ ಪೀಠದಿಂದ ಒಂದು ಮಾತು ಹೇಳಿದರೆ ಸಾಕಿತ್ತು. ನಿನ್ನೆ ಮಧ್ಯಾಹ್ನ ಕೇಳಿದ್ದಕ್ಕೆ ಅವರು, ಯಾರು ಪ್ರಸಾದ ಸ್ವೀಕರಿಸುತ್ತಾರೆ, ಯಾರು ಇಲ್ಲ ಎಂಬುದು ಅವರವರ ಮನಸ್ಸಾಕ್ಷಿಯ ವಿಷಯ, ಒಬ್ಬರ ಪರವಾಗಿ ಕಾರಣ ಹೇಳಿದರೆ ನಾಳೆ ಕೂತವರೆಲ್ಲರ ಕಾರಣವನ್ನೂ ಜನ ಕೇಳುತ್ತಾರೆ ಎಂದರು. ನ್ಯಾಯವಾದ ಮಾತೇ. ಆದ್ದರಿಂದ ಬೇರೆ ದಾರಿಯಿಲ್ಲದೆ ತಮ್ಮ ಪೆಟ್ಟಿಗೆಗೆ ಬಂದದ್ದಾಗಿದೆ.

ಇನ್ನು ತಮಗೊಂದು ಪ್ರಶ್ನೆ. ಯೇಸುಸ್ವಾಮಿಯವರು ಶಿಷ್ಯರ ಸಮೇತ ತಮ್ಮ ಮನೆಗೆ ಬಂದಾಗ, ತಮ್ಮ ತಂಗಿ ಅವರ ಪಾದದ ಬಳಿ ಕೂತು ಮಾತು ಕೇಳುತ್ತಿದ್ದರೆಂದೂ, ತಾವೊಬ್ಬರೇ ಅಡಿಗೆಮನೆಯಲ್ಲಿ ಒದ್ದಾಡಿದಿರೆಂದೂ ತಮ್ಮ ಗ್ರಂಥದಲ್ಲಿ ಇದೆಯಂತೆ. ಊಟ ಕೆಟ್ಟಿತ್ತೆಂದು ಎಲ್ಲೂ ಬರೆದಿಲ್ಲ. ಹಾಗಾದರೆ ಅಂದು ತಾವು ಉಪ್ಪು ನೋಡಿದ್ದಿರೋ ಇಲ್ಲವೋ? ನೋಡಿದ್ದರೆ, ಅರ್ಜಿದಾರಳ ಕಷ್ಟ ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿದಾರಳು ಇದನ್ನು ಬರೆಯುವುದು ಬೇಡವೆಂದಳು, ಬರಹಗಾರನೇ ಹಟ ಹಿಡಿದು ಬರೆದಿದ್ದಾನೆ. ತಪ್ಪಾಗಿದ್ದರೆ ಅದು ಅವನ ಲೆಕ್ಕಕ್ಕೆ ಸೇರಲಿ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ತಾವು ಪರಾಂಬರಿಸಿ:

(ಅ) ಈ ಅರ್ಜಿಯನ್ನು ನಾಳೆ 31ನೇ ತಾರೀಖು ಮಂಗಳವಾರದ ಪ್ರಾರ್ಥನೆಯಲ್ಲಿ ಸಭೆಯ ಮುಂದೆ ಪೂರ್ತಿ ಓದಿಸಬೇಕು. ಉಪದೇಶಿಗಳು ಉದ್ದವಾಯಿತೆಂದು ಮಡಿಚಿಡುವಂತಿಲ್ಲ. ತಮ್ಮ ಪೆಟ್ಟಿಗೆಗೆ ಬಿದ್ದ ಬಿನ್ನಹವನ್ನು ಒಂದಕ್ಷರ ಬಿಡದೆ ಓದತಕ್ಕದ್ದೆಂದು ಗುರುಗಳು ಹೋದ ವರ್ಷವೇ ಹುಕುಂ ಮಾಡಿ ಪೆಟ್ಟಿಗೆಯ ಮೇಲೆ ಅಂಟಿಸಿದ್ದಾರೆ. ಕಳೆದುಹೋದ ಕಿವಿಯೋಲೆ ಸಿಕ್ಕಿದ್ದಕ್ಕೆ ಇಸಬೆಲಮ್ಮನವರು ಬರೆದುಹಾಕಿದ್ದ ವಂದನೆಯನ್ನು ಅವರ ಯಜಮಾನರೇ ಅರ್ಧಕ್ಕೆ ನಿಲ್ಲಿಸಿದರೆಂಬ ದೂರಿನ ಮೇಲೆ ಆದ ಹುಕುಂ ಅದು.

(ಆ) ನಾಳೆ ಪ್ರಾರ್ಥನೆ ಮುಗಿಸಿಕೊಂಡು ಬುಧವಾರ ಬೆಳಗಿನ ಬಸ್ಸಿಗೆ ಬಾಗೂರಿಗೆ ಹೊರಡಲಿರುವ ಆರೋಗ್ಯಮ್ಮನವರು, ಇದನ್ನು ಕೇಳಿದ ಮೇಲೆ ಬೋರ್ಡಿಂಗಿನ ಅಡಿಗೆಮನೆಗೆ ಬಂದು ಒಂದು ತುತ್ತು ಊಟ ಮಾಡಬೇಕು. ಸಂಜೆಯಾದ್ದರಿಂದ ಉಪವಾಸದ ತೊಂದರೆ ಇರುವುದಿಲ್ಲ. ಊಟದ ಮೇಲೆ ಅವರು ಏನು ಹೇಳಿದರೂ ಅರ್ಜಿದಾರಳು ಬದ್ಧಳು.

(ಇ) ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಬಲ್ಲವರು ಹೇಳಿದ್ದಾರೆ. ಉಪ್ಪಿನ ದೆಸೆಯಿಂದಲೇ ತಾಯಿಯೊಬ್ಬಳು ಮಗಳ ಬಾಳಿಗೆ ಅಡ್ಡಿಯಾದಳೆಂಬ ಮಾತು ಉಳಿಯದಂತೆ, ಬರುವ ಭಾನುವಾರ ಲೂರ್ದಮ್ಮನ ಹೆಸರನ್ನು ಮೂರನೇ ಸಲ ಕೂಗುವಂತೆ ಮಾಡಬೇಕು.

ಇಷ್ಟನ್ನು ಅರ್ಜಿದಾರಳು ತಮ್ಮ ಗೂಡಿನ ಮುಂದೆ ಸೆರಗೊಡ್ಡಿ ಬೇಡಿಕೊಳ್ಳುತ್ತಾಳೆ.

ತಮ್ಮ ವಿಶ್ವಾಸಿ, ತಮ್ಮದೇ ಕಸುಬಿನವಳು,

ಜ್ಞಾನಮ್ಮ
(ಹೆಬ್ಬೆಟ್ಟಿನ ಗುರುತು. ಮಸಿಗೆ ಸ್ವಲ್ಪ ಅರಿಶಿನ ಸೇರಿದೆ.)

ಸ್ಥಳ: ಹೊಳೆನರಸೀಪುರ
ದಿನಾಂಕ: 30-1-1956, ಸೋಮವಾರ
ಬರೆದವನು: ಪರಮಶಿವಯ್ಯ, ಅರ್ಜಿ ಬರಹಗಾರ

ಲಗತ್ತುಗಳು:
1. ಅರ್ಜಿದಾರಳು ಪ್ರತಿ ವರ್ಷ ರಜೆಯಲ್ಲಿ ಪಾಪನಿವೇದನೆ ಮಾಡಿ ಪ್ರಸಾದ ಸ್ವೀಕರಿಸಿದ್ದಾಳೆಂದು ತವರೂರಿನ ಗುರುಗಳು ಕೊಟ್ಟ ಚೀಟಿ, ಒಂದು.
2. ನರ್ಸಮ್ಮ ಕರುಣಮ್ಮನವರ ಹೇಳಿಕೆ, “ಮೂರು ವಾರವೂ ಉಪ್ಪು ಸರಿಯಾಗಿತ್ತು” ಎಂದು, ಸಹಿ ಸಮೇತ, ಒಂದು.
3. ಉಗ್ರಾಣದ ಅಕ್ಕಿ ಒಂದು ಪಾವೂ ಕಡಿಮೆಯಾಗಿಲ್ಲವೆಂದು ಮದರ್ ಅವರ ಚೀಟಿ, ಒಂದು. (ಅರ್ಜಿದಾರಳು ಈ ಚೀಟಿ ಬೇಡಿದಾಗ ಏತಕ್ಕೆಂದು ಮದರ್ ವಿಚಾರಿಸಲಿಲ್ಲ.)

ಮರೆತ ಮಾತು: ಮೇಲೆ ಬರೆದ ಮೇಲೆ ಒಂದು ಬೇಡಿಕೆ ಬಿಟ್ಟುಹೋಗಿದೆಯೆಂದು ಅರ್ಜಿದಾರಳು ಹೇಳಿದ್ದರಿಂದ ಇಲ್ಲಿ ಸೇರಿಸಲಾಗಿದೆ. ತಮ್ಮ ದಯದಿಂದ ಮದುವೆ ನಡೆದದ್ದೇ ಆದರೆ, ಅಂದಿನ ಅಡಿಗೆಯನ್ನು ಅರ್ಜಿದಾರಳು ಬೇರೆ ಕೈಗೆ ಬಿಡುವವಳಲ್ಲ. ಮಗಳ ಮದುವೆಯ ಪೂಜೆಯಲ್ಲಿ ಪ್ರಸಾದ ಸ್ವೀಕರಿಸದೆ ಕೂರುವವಳೂ ಅಲ್ಲ. ಕಾರಣ, ಅದೊಂದು ಬೆಳಗಿನ ಮಟ್ಟಿಗೆ ಉಪ್ಪು ನೋಡುವ ಕೆಲಸವನ್ನು ತಮ್ಮದೇ ಸಭೆಯವರೂ ಅಡಿಗೆಯಲ್ಲಿ ಪಳಗಿದವರೂ ಆದ ಶ್ರೀಮತಿ ಇಸಬೆಲಮ್ಮನವರಿಗೆ ವಹಿಸಿಕೊಡಬೇಕು. ಉಪ್ಪು ನೋಡಿದ ಮೇಲೆ ಅವರು ಪೂಜೆಗೆ ಬಂದು, ಎಲ್ಲರೂ ಕಟಕಟೆಯ ಕಡೆಗೆ ಎದ್ದು ಹೋಗುವಾಗ ತಮ್ಮ ಜಾಗದಲ್ಲಿ ಕುಳಿತೇ ಇರಬೇಕಾಗುತ್ತದೆ. ಆದ್ದರಿಂದ ಕೊನೆಯ ವಿನಂತಿ: ಪೂಜೆ ಮುಗಿದ ಕೂಡಲೇ ಸಭೆಯವರಲ್ಲಿ ಯಾರಾದರೂ ಒಬ್ಬರು ಅವರ ಹತ್ತಿರ ಹೋಗಿ, “ಯಾಕಮ್ಮಾ, ನೀವು ಏಳಲಿಲ್ಲ?” ಎಂದು ಕೇಳಬೇಕು. ಅರ್ಜಿದಾರಳನ್ನು ಈ ಹನ್ನೊಂದು ವರ್ಷದಲ್ಲಿ ಯಾರೂ ಕೇಳಲಿಲ್ಲ.